ಆರ್ವಿಲ್ ಬಾಯಿ ಮುಚ್ಚಿಕೊಂಡ ದಿನ

ಆರ್ವಿಲ್ ಟಿಪಿಟ್ಸ್‌ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಹಿಮದ ಮೇಲೆ ಎಳೆಯುವ ಮೇವಿನ ಜಾರುಬಂಡಿ ಹತ್ತಿದನೆಂದರೆ ಮುಗಿಯಿತು, ಇಳಿಯುವ ತನಕ ಕುದುರೆಗಳಿಗೆ ಒಂದೇ ಸಮನೆ ಮಂಗಳಾರತಿ. ಎಡಗಡೆಯ ಮೋಸ್ ಸೋಂಬೇರಿ, ಬಲಗಡೆಯ ಪೆಟೂನಿಯಾ ಬಿನ್ನಾಣಗಿತ್ತಿ, ಎರಡೂ ಸೇರಿಕೊಂಡು ತನ್ನ ಆಯಸ್ಸು ತಿನ್ನುತ್ತಿವೆ ಎಂಬುದು ಅವನ ನಿತ್ಯದ ದೂರು. ಚರ್ಚಿನಲ್ಲಿ ಹಿರಿಯನಾದ್ದರಿಂದ ಕೆಟ್ಟ ಮಾತು ಆಡುವಂತಿಲ್ಲ. ಅದಕ್ಕೇ "ಆಲೂಗಡ್ಡೆ ಮುಖದವನೇ", "ಹಳಸಿದ ಬಿಸ್ಕತ್ತೇ" ಅಂತ ತಾನೇ ಕಟ್ಟಿಕೊಂಡ ಬೈಗುಳಗಳು. ಕುದುರೆಗಳು ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ವಯೋಮಿಂಗಿನ ಪಶ್ಚಿಮದಂಚಿನ ನಮ್ಮ ಕಣಿವೆಯಲ್ಲಿ ಚಳಿಗಾಲ ಬಂತೆಂದರೆ ಬೆಟ್ಟದ ಎಲ್ಕ್ ಜಿಂಕೆಗಳಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಅವು ಕೆಳಗಿಳಿದು ರೈತರ ಬಣವೆಗೆ ನುಗ್ಗದಿರಲಿ ಎಂದು ಸರ್ಕಾರವೇ ಡ್ರೈ ಫೋರ್ಕ್ ಬಯಲಿನಲ್ಲಿ ಹುಲ್ಲು ಹಾಕಿಸುತ್ತದೆ. ಚೀಸ್ ಕಾರ್ಖಾನೆ ಮುಚ್ಚಿದ ವರ್ಷ ಆರ್ವಿಲ್ ತಾತ್ಕಾಲಿಕ ಅಂತ ಆ ಕೆಲಸ ಹಿಡಿದ. ಹೆಣ್ಣುಮಕ್ಕಳ ಮದುವೆಯಾಯಿತು, ಮೊಮ್ಮಕ್ಕಳಾದವು, ಅವನ ತಾತ್ಕಾಲಿಕ ಮಾತ್ರ ಮುಗಿಯಲಿಲ್ಲ. ಮುಗಿಯಲಿ ಎಂದು ಅವನಿಗೂ ಅನಿಸಿರಲಿಲ್ಲ. ಬೆಳಗಾದರೆ ನಾನೂರು ಜೀವ ತನ್ನ ದಾರಿ ಕಾಯುತ್ತವೆ ಎಂಬ ಸುಖ ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಆದರೆ ಎಲ್ಕ್‌ಗಳಲ್ಲಿ ಕಂದುರೋಗ ಇತ್ತು. ಅದು ಹಸುಗಳಿಗೆ ತಗುಲಿದರೆ ಗಬ್ಬದ ಹಸುಗಳು ಕಂದು ಹಾಕುತ್ತವೆ, ಆಮೇಲೆ ಇಡೀ ಮಂದೆಯನ್ನೇ ಕಟುಕರಿಗೆ ಕಳಿಸಬೇಕಾಗುತ್ತದೆ. ರೈತರ ಗಲಾಟೆ ಜೋರಾದಾಗ, ಆ ವರ್ಷದ ಎಲ್ಕ್ ಕರುಗಳಿಗೆಲ್ಲ ರೋಗ ತಡೆಯುವ ಮದ್ದು ಹೊಡೆಯಲು ವನ್ಯಜೀವಿ ಇಲಾಖೆಯವರು ಮೈಟೆ ಎಚೆವೆರಿ ಎಂಬ ಹುಡುಗಿಯನ್ನು ಕಳಿಸಿದರು. ಹಿಂದೆ ಸ್ಪೇನ್ ಕಡೆಯಿಂದ ಬಂದು ಬಫಲೋ ಊರಿನಲ್ಲಿ ನೆಲೆಸಿದ ಬಾಸ್ಕ್ ಕುರಿಗಾರರ ಮನೆಯವಳು. ಆರ್ವಿಲ್‌ನ ಹೆಂಡತಿ ನೆಡ್ರಾ ಕರಿದ ಸ್ಕೋನ್ ರೊಟ್ಟಿಗೆ ಜೇನುಬೆಣ್ಣೆ ಸವರಿ ಕೊಡುತ್ತಿದ್ದಂತೆ, ಮೈಟೆ ಜೇಬಿನಿಂದ ಕಡಲೆಬೀಜದಷ್ಟು ದೊಡ್ಡ ಬಿಳಿ ಗುಂಡೊಂದನ್ನು ತೆಗೆದು ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಪುಡೀನ ಒತ್ತಿ ಗಟ್ಟಿ ಮಾಡಿರೋದು. ಒಳಗಡೆ ಮದ್ದಿದೆ. ತೊಡೆಯ ಮಾಂಸಕ್ಕೆ ಹೊಕ್ಕು ಅಲ್ಲೇ ಕರಗಿಹೋಗುತ್ತೆ," ಎಂದಳು ಮೈಟೆ. "ಇದನ್ನ ಹೊಡೆಯೋ ಗಾಳಿ ಗನ್ನಿನ ನಳಿಗೆ ಒಳಗೆ ಸುರುಳಿ ಗೀರು ಇರುತ್ತೆ. ಗಾಳಿ ತಳ್ಳಿದಾಗ ಗುಂಡು ಗಿರ್ರನೆ ತಿರುಗ್ತಾ ನೆಟ್ಟಗೆ ಹೋಗುತ್ತೆ. ತಿರುಗದಿದ್ರೆ ಪಲ್ಟಿ ಹೊಡೆದು, ಅಡ್ಡಡ್ಡ ಬಡಿದು, ಚರ್ಮದ ಮೇಲೇ ಪುಡಿಪುಡಿ."

"ಬುಗುರಿ ಥರ ಅನ್ನು," ಎಂದಳು ನೆಡ್ರಾ. "ತಿರುಗ್ತಾ ಇದ್ರೇನೇ ಅದು ನೆಟ್ಟಗೆ ನಿಲ್ಲೋದು. ನಮ್ಮೆಜಮಾನರ ನಾಲಿಗೇನೂ ಅದೇ ಜಾತಿ."

ಆರ್ವಿಲ್ ನಗಲಿಲ್ಲ. "ಎಷ್ಟು ದೂರದಿಂದ ಹೊಡೀತೀಯಮ್ಮ?"

"ನಲವತ್ತು ಗಜ. ಅದಕ್ಕಿಂತ ದೂರ ಆದ್ರೆ ಒಳಗೆ ಇಳಿಯಲ್ಲ. ಅಷ್ಟು ಹತ್ತಿರ ಅವು ಬಿಟ್ಕೊಳ್ಳೋದು ನಿಮ್ಮ ಬಂಡೀನ ಮಾತ್ರ ಯಜಮಾನ್ರೇ. ಅಲ್ಲಿಂದಾನೇ ಹೊಡೀಬೇಕು."

ಆರ್ವಿಲ್ ಆ ಗುಂಡನ್ನು ಬೆರಳಲ್ಲಿ ಆಚೆ ತಳ್ಳಿದ. ಹುಲ್ಲು ಹಾಕುವ ಬಂಡಿಯಿಂದಲೇ ಗುಂಡು. "ನಾಳೆಯಿಂದ ಅವು ನನ್ನ ನಂಬದೇ ಹೋದ್ರೆ?"

ಮೈಟೆ ಸುಳ್ಳು ಹೇಳುವ ಹುಡುಗಿಯಲ್ಲ. "ಹಂಗಾದ್ರೆ ಕೆಳಗಿಳಿದು ಹಸುಗಳ ಜೊತೆ ಸೇರ್ಕೊಳ್ತವೆ. ಇಲಾಖೆಯೋರು ಡ್ರೈ ಫೋರ್ಕ್ ಮುಚ್ಚಿಬಿಡ್ತಾರೆ."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ನಮ್ಮ ಕಡೆ ಮಕ್ಕಳಿಗೆ ಬಂದೂಕು ಕೊಡುವ ಮೊದಲು ಕಲಿಸುವುದು ಒಂದೇ ಪಾಠ: ಬಂದೂಕು ಹಿಡಿದಿರೋ, ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಆ ಪಾಠ ಆರ್ವಿಲ್‌ಗೂ ರಕ್ತದಲ್ಲಿತ್ತು, ಮೈಟೆಗೂ ಇತ್ತು. ಮೇವಿನ ಪೆಂಡಿಗಳ ಹಿಂದೆ ಅವಳು ಗನ್ ಹಿಡಿದು ಕುಳಿತಳು. ಅವನು ಲಗಾಮು ಹಿಡಿದು ಮುಂದೆ ನಿಂತ. ಬಯಲಿನ ಉದ್ದಕ್ಕೂ ಒಬ್ಬರೂ ಪಿಟಕ್ಕೆನ್ನಲಿಲ್ಲ. ಪೆಟೂನಿಯಾ ಮಾತ್ರ ಏನಾಯಿತಪ್ಪಾ ಎಂಬಂತೆ ಎರಡು ಸಲ ತಿರುಗಿ ನೋಡಿತು.

ಎಲ್ಕ್‌ಗಳು ಕಾಡಿನಂಚಿನಲ್ಲಿ ತಲೆಯೆತ್ತಿ ನಿಂತಿದ್ದವು. ಬಂಡಿ ಹತ್ತಿರವಾದಷ್ಟೂ ಹಿಂದೆ ಸರಿದವು. ಕೊನೆಗೆ ಹಿರಿಯ ಹೆಣ್ಣೊಂದು ಮೈ ತಿರುಗಿಸಿತು, ಇಡೀ ಹಿಂಡು ಅದರ ಹಿಂದೆ ಮರಗಳೊಳಗೆ ಕರಗಿತು. ಒಂದು ಗುಂಡೂ ಹಾರಿರಲಿಲ್ಲ. ಹಾಕಿದ ಹುಲ್ಲು ಹಾಗೇ ಬಿದ್ದಿತ್ತು. ಸಂಜೆ ಆರ್ವಿಲ್ ಹೋಗಿ ನೋಡಿದರೆ ಗೊರಸಿನ ಗುರುತುಗಳು ಕೆಳಗೆ, ಹಸುಗಳ ಕಡೆಗೆ ತಿರುಗಿದ್ದವು.

ಊಟಕ್ಕೆ ಕುಳಿತವನು ತಟ್ಟೆ ಮುಟ್ಟಲಿಲ್ಲ. "ಗನ್ನಿನ ವಾಸನೆ ಸಿಕ್ಕಿಬಿಡ್ತು ಅವಕ್ಕೆ. ಮುಗೀತು ಬಿಡು," ಎಂದ. ಮೈಟೆ ತಲೆ ತಗ್ಗಿಸಿ ಆಲೂಗಡ್ಡೆ ಕೆದಕುತ್ತಿದ್ದಳು.

"ಅಲ್ಲಾ ರೀ, ಬಂಡೀಲಿ ಇವತ್ತು ಕುದುರೆಗಳಿಗೆ ಏನಂತ ಬೈದ್ರಿ?" ನೆಡ್ರಾ ಕೇಳಿದಳು.

"ಬೈಯೋದೇನು ಬಂತು. ಗನ್ ಇಟ್ಕೊಂಡು ಯಾರಾದ್ರೂ ಬಾಯಿ ಬಿಡ್ತಾರಾ?"

ನೆಡ್ರಾ ಸೌಟು ಕೆಳಗಿಟ್ಟಳು. "ಇಷ್ಟು ವರ್ಷ ಸಂಸಾರ ಮಾಡಿದೋಳು ನಾನು. ನೀವು ಸುಮ್ಮನೆ ಕೂತ್ರೆ ನಂಗೇ ಏನು ಕೇಡು ಬಂತೋ ಅಂತ ಎದೆ ಹೊಡ್ಕೊಳ್ಳುತ್ತೆ. ಪಾಪ, ಆ ಪ್ರಾಣಿಗಳು ಏನಂದ್ಕೋಬೇಕು ಹೇಳಿ."

ಮೈಟೆ ಚಮಚ ಕೆಳಗಿಟ್ಟು ಆರ್ವಿಲ್‌ನ ಮುಖ ನೋಡಿದಳು. "ಹಂಗಾದ್ರೆ ನಾಳೆ ಬೈಯೋದೇ," ಎಂದ ಆರ್ವಿಲ್. ಆಮೇಲೆ ತಟ್ಟೆ ಹತ್ತಿರ ಎಳೆದುಕೊಂಡ.

ಮಾರನೆಯ ಬೆಳಿಗ್ಗೆ ಬಂಡಿ ಹೊರಟಾಗ, ಪರರ ಮನೆಯ ಹುಡುಗಿಯ ಎದುರು ಬೈಯಲು ಮೊದಮೊದಲು ಅವನಿಗೆ ನಾಚಿಕೆಯಾಯಿತು. ಮೋಸ್ ಎಂದಿನಂತೆ ಕಾಲೆಳೆಯತೊಡಗಿದಾಗ ನಾಚಿಕೆ ಗಾಳಿಗೆ ಹೋಯಿತು. "ಹೆಂಡತಿ ಮನೆಗೆ ಹೊರಟಿದ್ದೀಯೇನೋ ದೊಡ್ಡ ಮನುಷ್ಯ? ಹೆಜ್ಜೆ ಹಾಕೋ ಹಳಸಿದ ಬಿಸ್ಕತ್ತೇ," ಎಂದು ಶುರುಮಾಡಿದವನು ಮೋಸ್‌ನ ತಾತನವರೆಗೆ ಹೋದ. ಮರಗಳ ನಡುವೆ ಒಂದು ಕಿವಿ ಕಂಡಿತು. ಆಮೇಲೆ ಹತ್ತು. ಆಮೇಲೆ ಹಿಂಡು ಹಿಂಡಾಗಿ ಇಳಿದು ಬಂದು ಹುಲ್ಲಿಗೆ ಬಾಯಿ ಹಾಕಿದವು.

ಅವನು ಬೈಯುತ್ತ ಹೋದ, ಮೈಟೆ ಹೊಡೆಯುತ್ತ ಹೋದಳು. ಗನ್ನು ಪುಸ್ ಅನ್ನುತ್ತಿತ್ತು. ಗುಂಡು ತಾಗಿದ ಕರು ಕುದುರೆನೊಣ ಕಚ್ಚಿದ ಹಾಗೆ ಒಂದು ನೆಗೆತ ನೆಗೆದು, ಅತ್ತಿತ್ತ ನೋಡಿ, ಮತ್ತೆ ಮೇಯುತ್ತಿತ್ತು. ಒಂದಕ್ಕೇ ಎರಡು ಸಲ ಹೊಡೆಯಬಾರದೆಂದು ಅದರ ಬೆನ್ನಿಗೆ ಕಿತ್ತಳೆ ಬಣ್ಣದ ಗುಂಡೊಂದು. ಮಧ್ಯಾಹ್ನದ ಹೊತ್ತಿಗೆ ಬಣ್ಣವಿಲ್ಲದ ಕರು ಹುಡುಕಿದರೂ ಸಿಗಲಿಲ್ಲ.

ಆದರೆ ಆರ್ವಿಲ್‌ಗೆ ಬೇಕಿದ್ದದ್ದು ಇವತ್ತಲ್ಲ, ನಾಳೆ. ಪೆಟ್ಟು ತಿಂದ ಮೇಲೂ ಬರುತ್ತವೆಯೇ? ಮರುದಿನ ಬೆಳಿಗ್ಗೆ ಗನ್ ಮನೆಯಲ್ಲೇ ಬಿಟ್ಟು ಹೊರಟರು. ಮೈಟೆ ಸುಮ್ಮನೆ ನೋಡಲೆಂದು ಜೊತೆಗೆ ಬಂದಳು.

ತಿರುವು ದಾಟಿದರೆ, ಬಯಲಿನ ನಟ್ಟನಡುವೆ ಇಡೀ ಹಿಂಡು ಬಂದು ನಿಂತಿತ್ತು. ಕಿತ್ತಳೆ ಬೆನ್ನಿನ ಕರುಗಳೇ ಎಲ್ಲಕ್ಕಿಂತ ಮುಂದೆ. ಆರ್ವಿಲ್ ಬಾಯಿ ತೆರೆದ. ಇವು ಬಂದೇಬಿಟ್ಟವಲ್ಲ ಎಂಬ ಸಂತೋಷಕ್ಕೆ ಮಾತೇ ಹೊರಡಲಿಲ್ಲ. ಬಂಡಿ ಸದ್ದಿಲ್ಲದೆ ಹತ್ತಿರವಾಯಿತು. ತಲೆಗಳು ಒಂದೊಂದಾಗಿ ಮೇಲೆದ್ದವು. ಹಿರಿಯ ಹೆಣ್ಣು ಕಾಡಿನ ಕಡೆ ಒಂದು ಹೆಜ್ಜೆ ಇಟ್ಟಿತು.

ಮೈಟೆ ಅವನ ಮುಖ ನೋಡಿದಳು. ತಾನೇ ಎದ್ದು ನಿಂತು, ತನ್ನ ತಾತ ಕುರಿಗಳಿಗೆ ಕೂಗುತ್ತಿದ್ದಂತೆ ಕೂಗಿದಳು: "ಏಯ್ ಮೋಸ್, ದರಿದ್ರ ನನ್ಮಗನೇ, ನೆಟ್ಟಗೆ ನಡಿಯೋ!" ಕೂಗಿದ್ದು ಪೆಟೂನಿಯಾ ಕಡೆ ಕೈತೋರಿಸಿ.

"ಅದು ಹೆಣ್ಣು ಕಣೇ ತಾಯಿ," ಎಂದ ಆರ್ವಿಲ್. "ಮೋಸ್ ಎಡಗಡೆಯೋನು. ಬೈಯೋದಾದ್ರೆ ನೋಡ್ಕೊಂಡು ಬೈಬೇಕು, ಹೆಣ್ಣುಮಗಳಿಗೆ ಹಿಂಗೆಲ್ಲ ಅನ್ನಬಾರದು. ಅವಳ ಸೊಕ್ಕೇ ಬೇರೆ, ಅದಕ್ಕೆ ಬೇರೆ ಬೈಗುಳ ಇದೆ..."

ಹಿರಿಯ ಹೆಣ್ಣು ಎತ್ತಿದ್ದ ತಲೆ ಇಳಿಸಿ ಹುಲ್ಲಿನತ್ತ ನಡೆಯಿತು. ಆರ್ವಿಲ್ ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡ. ಪೆಟೂನಿಯಾಗೆ ಸಲ್ಲಬೇಕಾದ್ದನ್ನೆಲ್ಲ ಸಲ್ಲಿಸುತ್ತ, ಹುಲ್ಲು ಕವೆಗೋಲಿನಲ್ಲಿ ಎತ್ತಿ ಹಾಕುತ್ತ ಹೋದ.