ಯಾರೂ ಔಟಾಗದ ಆಟ

ನನ್ನ ಸೋದರತ್ತೆಯನ್ನು ನಮ್ಮ ಬೀದಿಯ ಮಕ್ಕಳೆಲ್ಲ ಬಾಯ್ಲರ್ ಅತ್ತೆ ಎಂದು ಕರೆಯುತ್ತಾರೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರದಲ್ಲಿ ಬೂದಿ ಎತ್ತಿ ನಿವೃತ್ತಳಾದವಳು ಎಂಬುದು ಒಂದು ಕಾರಣ. ಬೇಗ ಕುದಿಯುತ್ತಾಳೆ ಎಂಬುದು ಇನ್ನೊಂದು.

ಲಾಂಡ್ರಿ ಅಂಗಡಿಯ ಮೇಲಿನ ಮಕ್ಕಳ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಕೋಣೆ ವಾರ್ಡ್ ಕಚೇರಿಯದು. ಸಂಜೆ ತೆರೆದು ಮುಚ್ಚುವುದು ಅತ್ತೆ. ಅಲ್ಲಿ ಅವಳದೊಂದೇ ಕಾನೂನು: ಆಟದಲ್ಲಿ ಯಾರೂ ಔಟಾಗುವಂತಿಲ್ಲ. ಸೋತವರು ಗೆಲ್ಲುತ್ತಿರುವವರ ಪಕ್ಕ ಕೂತು ಅವರ ದಾಳ ಉರುಳಿಸಬೇಕು. ಯಾವ ಮಗುವೂ ಹೊರಗೆ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂರುವುದನ್ನು ಅವಳು ಸಹಿಸುತ್ತಿರಲಿಲ್ಲ.

ಈ ವರ್ಷ ಕಾಲೇಜಿನ ವಿದ್ಯಾರ್ಥಿಗಳು ಸಮುದಾಯ ಸೇವೆಯ ಮಾರ್ಕಿಗೆಂದು ಬಂದರು. ಗಾಳಿ, ಬಿಸಿಲಿನಿಂದ ಕರೆಂಟು ತೆಗೆಯುವುದನ್ನು ಕಲಿಸುವ ಆಟವನ್ನು ರಟ್ಟಿನಲ್ಲಿ ಮಾಡಿ, ಕಾರ್ಡುಗಳನ್ನು ಮೇಜಿನ ಮೇಲೆ ಹರಡಿ, "ಬೇಕಾದ್ದು ತಗೊಳ್ಳಿ" ಎಂದರು. ಕಲ್ಲಿದ್ದಲಿನ ಕಾರ್ಡನ್ನು ಯಾರೂ ಮುಟ್ಟುವುದಿಲ್ಲ ಎಂದು ಅವರು ಎಣಿಸಿದ್ದರು. ಅಪ್ಪಂದಿರು ಸ್ಥಾವರದಲ್ಲೇ ದುಡಿಯುವ ಮಕ್ಕಳು ಅದಕ್ಕೇ ಮುಗಿಬಿದ್ದರು.

"ಅದು ನಮ್ಮಪ್ಪಂದು, ಕೊಡೋ!"

"ನಿಮ್ಮಪ್ಪ ಬರೀ ಗೇಟ್ ಕಾಯೋದು. ಒಳಗಿರೋದು ನಮ್ಮಪ್ಪ!"

ಹೊಗೆಯ ಸುತ್ತು ಬಂದಾಗ ನಿಯಮದಂತೆ ಕಲ್ಲಿದ್ದಲಿನವರೆಲ್ಲ ಔಟಾದರು. ಲಾಂಡ್ರಿಯವನ ಮಗಳೊಬ್ಬಳೇ ಗಾಳಿಯಂತ್ರದ ಕಾರ್ಡು ಹಿಡಿದು ಮೇಜಿನ ಬಳಿ ಪೆಚ್ಚಾಗಿ ನಿಂತಿದ್ದಳು.

ಅತ್ತೆ ಎದ್ದು ವಿದ್ಯಾರ್ಥಿನಿಯೊಬ್ಬಳ ಕಡೆ ತಿರುಗಿದಳು. "ಹೊಗೆ ಕೆಟ್ಟದ್ದೇ ಕಣಮ್ಮ, ನನ್ನ ಕೆಮ್ಮೇ ಹೇಳುತ್ತೆ. ಸ್ಥಾವರ ಮುಚ್ಚಲಿ. ಒಳಗಿದ್ದೋರು ಎಲ್ಲಿಗೆ ಹೋಗ್ಬೇಕು? ಆ ಮನೆ ನಿಮ್ಮ ಆಟದಲ್ಲಿ ಎಲ್ಲಿದೆ?"

ಕನ್ನಡಕದ ವಿದ್ಯಾರ್ಥಿನಿ ರಟ್ಟನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ಪೆನ್ನು ತೆಗೆದು, ಹೊಗೆಯ ಮನೆಯ ಪಕ್ಕದಲ್ಲಿ ಇನ್ನೊಂದು ಮನೆ ಬರೆದಳು: ಹೊಸ ಕೆಲಸ ಕಲಿಯುವ ಮನೆ. ಕಲ್ಲಿದ್ದಲಿನವರು ಅಲ್ಲಿ ನಿಂತು ಗಾಳಿಯಂತ್ರಕ್ಕೆ ದಾಟಬಹುದು.

ಮರುದಿನ ವಿದ್ಯಾರ್ಥಿಗಳ ಮೇಷ್ಟ್ರು ಬಂದರು. "ಕಾಲೇಜು ಒಪ್ಪಿದ್ದು ಹಳೇ ನಿಯಮ. ಕಾಲೇಜಿನ ಪ್ರದರ್ಶನಕ್ಕೆ ಅದೇ ಹೋಗ್ಬೇಕು. ನೀವು ಅಡ್ಡ ಬಂದ್ರೆ ವಾರ್ಡ್ ಕಚೇರಿಗೆ ಹೇಳ್ತೀನಿ. ಬೀಗದ ಕೈ ನಿಮ್ಮತ್ರ ಇರಲ್ಲ."

"ಹೇಳಿ ಸ್ವಾಮಿ. ದಾರಿ ಗೊತ್ತಿಲ್ದಿದ್ರೆ ನಾನೇ ಕರ್ಕೊಂಡು ಹೋಗ್ತೀನಿ."

ಅವರಿಗೆ ದಾರಿ ಗೊತ್ತಿತ್ತು. ಆ ವಾರವೇ ಕಚೇರಿಯ ಜವಾನ ಬಂದ. ಅತ್ತೆ ಮಕ್ಕಳನ್ನೆಲ್ಲ ಹೊರಗೆ ಕರೆದು, ಸೊಂಟದಿಂದ ಬೀಗದ ಕೈ ತೆಗೆದು ಕೊಟ್ಟಳು.

"ಆಟಾನೂ ಕೊಡ್ಬೇಕಂತೆ," ಎಂದ ಅವನು.

"ಅದು ಕೋಣೇದಲ್ಲ," ಎಂದಳು ಕನ್ನಡಕದ ಹುಡುಗಿ, ರಟ್ಟನ್ನು ಎದೆಗೆ ಒತ್ತಿಕೊಂಡು.

"ನಿನ್ನ ಮಾರ್ಕು ಹೋಗುತ್ತಲ್ಲೇ?"

"ಹೋಗ್ಲಿ ಬಿಡಿ, ಅತ್ತೆ."

ಅತ್ತೆ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕೂತು ರಟ್ಟು ಹರಡಿದಳು. ಮಕ್ಕಳು ಕೆಳಗಿನ ತನಕ ಮೆಟ್ಟಿಲು ತುಂಬಿ ಕೂತರು. ಬೀಗ ಹಾಕಿ ತಿರುಗಿದ ಜವಾನನಿಗೆ ಇಳಿಯಲು ದಾರಿಯೇ ಇರಲಿಲ್ಲ. ಅವನು ರಟ್ಟು ದಾಟಲು ಕಾಲೆತ್ತಿದ.

"ಅಂಕಲ್, ತುಳೀಬೇಡಿ!" ಗೇಟ್ ಕಾಯುವವನ ಮಗ ಕೂಗಿದ. "ಅಲ್ಲಿ ನಮ್ಮಪ್ಪ ಕೆಲಸ ಕಲೀತಿದಾರೆ."

ಜವಾನ ಕಾಲು ಹಿಂದಕ್ಕೆ ತೆಗೆದುಕೊಂಡ.

"ಕೂತ್ಕೊಳಪ್ಪ," ಎಂದಳು ಅತ್ತೆ. "ಇಲ್ಲಿ ಯಾರೂ ಔಟಲ್ಲ."