ಅಕ್ಕನ ಪತ್ರಗಳು ಉಳಿದ ಬಗೆ

ಗಂಟಲಿನ ಆಪರೇಷನ್ನಿನಲ್ಲಿ ಟೈಲರಮ್ಮನ ಅಕ್ಕನ ಧ್ವನಿ ಹೋಯಿತು. ಅಕ್ಕ ಇದ್ದ ಊರು ರೈಲಿನಲ್ಲಿ ಒಂದು ಹಗಲಿನ ದಾರಿ. ಫೋನು ಮಾಡಿದರೆ ಆ ಕಡೆ ಬರೀ ಉಸಿರು. "ಇನ್ಮೇಲೆ ಈಮೇಲ್ ಬರೀತೀನಿ, ನೀನೂ ಕಲಿ" ಎಂದು ಅಕ್ಕ ಚೀಟಿ ಕಳಿಸಿದಳು. ಹೊಲಿಗೆ ಯಂತ್ರ ಬಿಟ್ಟು ಬೇರೆ ಯಂತ್ರ ಮುಟ್ಟದ ಟೈಲರಮ್ಮ ಹಳೆಯ ಕಂಪ್ಯೂಟರೊಂದನ್ನು ಕೊಂಡು, ಪಕ್ಕದ ಬೀದಿಯ ರಿಪೇರಿಯವನನ್ನು ಕರೆಸಿದಳು.

ಅವನು ಕತ್ತರಿ, ಬಟ್ಟೆಚೂರುಗಳನ್ನು ಬದಿಗೆ ಸರಿಸಿ ಕುಳಿತ. "ಪಾಪ್ ಹಾಕ್ಲಾ, ಐಮ್ಯಾಪ್ ಹಾಕ್ಲಾ ಅಮ್ಮ?"

"ಯಾವುದು ಬೇಗ ಮುಗಿಯುತ್ತೋ ಅದು ಹಾಕಪ್ಪ. ಕೈತುಂಬ ಕೆಲಸ ಇದೆ."

"ಪಾಪ್ ಆದ್ರೆ ಮೇಲ್ ಎಲ್ಲ ಈ ಕಂಪ್ಯೂಟರಿಗೆ ಇಳಿಯುತ್ತೆ. ಮೇಲ್ ಕಂಪನಿಯ ಸರ್ವರ್‌ನಲ್ಲಿ ಸಾಮಾನ್ಯವಾಗಿ ಉಳಿಯಲ್ಲ. ಒಂದೇ ಕಂಪ್ಯೂಟರ್ ಇರೋರಿಗೆ ಅದು ಸಾಕು. ಐಮ್ಯಾಪ್ ಆದ್ರೆ ಅಸಲು ಸರ್ವರ್‌ನಲ್ಲೇ ಇರುತ್ತೆ, ಫೋನಲ್ಲಿ ತೆಗೆದ್ರೂ ಕಾಣುತ್ತೆ. ಆದ್ರೆ ಅಲ್ಲಿ ಜಾಗಕ್ಕೆ ಮಿತಿ ಇದೆ, ಕಸ ಅಳಿಸ್ತಾ ಇರಬೇಕು. ನಿಮಗೆ ಬರೆಯೋರು ಯಾರು?"

"ನಮ್ಮಕ್ಕ. ಅವಳಿಗೀಗ ಮಾತಾಡಕ್ಕಾಗಲ್ಲ."

ಅವನ ಕೈ ಮೌಸಿನ ಮೇಲೆ ಒಂದು ಗಳಿಗೆ ನಿಂತಿತು. "ಹಾಗಾದ್ರೆ ಐಮ್ಯಾಪೇ" ಎಂದ. ಮತ್ತೆ ಅವಳನ್ನು ಕೇಳಲೇ ಇಲ್ಲ.

ನಾಲ್ಕು ವರ್ಷ ಅಕ್ಕ ದಿನಾ ಬರೆದಳು. ಮೊಣಕಾಲು ನೋವು, ಬಾಲ್ಯದ ಜಗಳ, ಎದುರುಮನೆಯವರ ಸುದ್ದಿ, ಎಲ್ಲ ಇರುತ್ತಿತ್ತು. ಐದನೆಯ ವರ್ಷ ಅಕ್ಕ ತೀರಿಕೊಂಡಳು. ಅದಾಗಿ ಎರಡು ತಿಂಗಳಿಗೆ, ಒಂದು ಸೋಮವಾರ ಬೆಳಿಗ್ಗೆ ಟೈಲರಮ್ಮ ಅಂಗಡಿಯ ಷಟರ್ ಎತ್ತಿದರೆ ಪಾದ ಮುಳುಗುವಷ್ಟು ನೀರು. ಮಹಡಿಯ ಪೈಪು ಒಡೆದು, ಸೂರಿನಿಂದ ನೇರ ಕಂಪ್ಯೂಟರಿನ ಮೇಲೆ ಸುರಿದಿತ್ತು.

ರಿಪೇರಿಯವನು ಬಿಚ್ಚಿ ನೋಡಿ ತಲೆಯಾಡಿಸಿದ. "ಇದು ಮುಗೀತಮ್ಮ."

ಟೈಲರಮ್ಮ ಒದ್ದೆ ಸ್ಟೂಲಿನ ಮೇಲೆ ಕುಸಿದಳು. "ಅಕ್ಕ ಬರೆದದ್ದೆಲ್ಲ ಅದರಲ್ಲೇ ಇತ್ತಲ್ಲಪ್ಪ."

"ಪಾಸ್‌ವರ್ಡ್ ನೆನಪಿದೆಯಾ?"

ಅವಳು ಹೇಳಿದ್ದನ್ನು ಅವನು ತನ್ನ ಫೋನಿನಲ್ಲಿ ಒತ್ತಿ ಅವಳ ಮುಂದೆ ಹಿಡಿದ. ಅಕ್ಕನ ಪತ್ರಗಳು ಒಂದರ ಕೆಳಗೊಂದು ಮೂಡತೊಡಗಿದವು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು.

"ಅವತ್ತು ನನ್ನನ್ನ ಕೇಳದೆ ಐಮ್ಯಾಪೇ ಹಾಕಿದೆಯಲ್ಲ, ಯಾಕಪ್ಪ?"

"ನಮ್ಮಪ್ಪ ಬರೆದಿದ್ದ ಈಮೇಲ್‌ಗಳೆಲ್ಲ ಪಾಪ್‌ನಲ್ಲಿದ್ವು ಅಮ್ಮ. ಡಿಸ್ಕ್ ಹೋಯ್ತು, ಅವೂ ಹೋದ್ವು. ನಾನು ರಿಪೇರಿಯವನು ಬೇರೆ!" ಎಂದು ನಕ್ಕ. ನಗು ಅರ್ಧಕ್ಕೇ ನಿಂತಿತು. "ಆ ಸರ್ವರ್ ಅನ್ನೂ ಪೂರ್ತಿ ನಂಬಬೇಡಿ. ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹಾಕಿಕೊಡ್ತೀನಿ."

ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು.

ಮುಂದಿನ ಭಾನುವಾರ ಭಾವ ಬಂದರು. ಅಕ್ಕ ಹೋದಮೇಲೆ ಸರಿಯಾಗಿ ಮಾತೇ ಆಡದಿದ್ದವರು. ಅವರನ್ನು ಕೂರಿಸಿಕೊಂಡು ಟೈಲರಮ್ಮ ಫೋನಿನಲ್ಲಿ ಅಕ್ಕನ ಪತ್ರವೊಂದನ್ನು ತೆಗೆದು ಓದಿದಳು: "ಇವತ್ತು ನಿನ್ನ ಭಾವನೇ ಅಡುಗೆ ಮಾಡಿದ್ದು. ನನಗೆ ಮಾತು ಬರದಿರುವುದು ಅವರ ಪುಣ್ಯ."

ಭಾವ ಮೊದಲು ಬಿಟ್ಟಗಣ್ಣಿಂದ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಇನ್ನೊಂದು ಓದಮ್ಮ" ಎಂದರು.