ಚಿಗವ್ವನ ಒಣಗಿದ ಕೈ

ನನ್ನ ಚಿಗವ್ವ, ಎಂದರೆ ಕಾಕಾನ ಹೆಂಡತಿ, ಗಂಗಾವತಿ ಹತ್ತಿರದ ಮರಳಿಯಿಂದ ಯಲಬುರ್ಗಾದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ನನಗೆ ಹತ್ತು ವರ್ಷವಿರಬಹುದು. ಎಪ್ಪತ್ತರ ದಶಕದ ನಡುಭಾಗ. ಅವಳ ತವರಿನಲ್ಲಿ ಕಾಲುವೆ ನೀರು, ಭತ್ತದ ಗದ್ದೆ. ನಮ್ಮಲ್ಲಿ ಜೋಳ, ಕುಸುಬೆ, ಮೈ ಸೀಳುವ ಒಣಗಾಳಿ. ಬಂದ ತಿಂಗಳೊಳಗೇ ನನ್ನ ತಲೆ ಬಾಚಿ ಎರಡು ಜಡೆ ಹಾಕಿ ಸಾಲೆಗೆ ಕಳಿಸುವುದು ಅವಳ ಕೆಲಸವಾಯಿತು. ಅವ್ವನಂತೆ ಕೂದಲು ಜಗ್ಗುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅವಳ ಮೊಣಕಾಲ ಕೆಳಗಿನ ಚರ್ಮ ಬಿಳಿಚಿಕೊಂಡು ಹೊಟ್ಟಿನಂತೆ ಉದುರತೊಡಗಿತು. ಕೈಬೆರಳ ಗೆಣ್ಣುಗಳು ಒಡೆದು ರಕ್ತ ಜಿನುಗಿತು. ಅಪ್ಪನ ತಾಯಿ, ನಮ್ಮ ಆಯಿ, ಬೇವಿನ ತಪ್ಪಲು ಹಾಕಿ ಕುದಿಸಿದ ನೀರನ್ನು ಸುಡುಸುಡುತ್ತಿರುವಾಗಲೇ ಹೊಯ್ದುಕೊಳ್ಳಲು ಹೇಳಿದಳು. ಬಟ್ಟೆ ತೊಳೆಯುವ ಸಾಬೂನು ಹಚ್ಚಿಸಿ, ಕಲ್ಲಿನಿಂದ ತಿಕ್ಕಿಸಿದಳು. ಅದು ಇನ್ನಷ್ಟು ಹೆಚ್ಚಾಯಿತು. ನೆರೆಮನೆಯ ಹೆಂಗಸೊಬ್ಬಳು ಬಂದು ನೋಡಿ, "ಇದು ಅಂಟುರೋಗ ಇದ್ದಂಗೈತಿ. ಹುಡುಗ್ರಿರೋ ಮನಿ, ಹುಷಾರ್ರಿ" ಅಂದು ಹೋದಳು.

ಮರುದಿನದಿಂದ ಚಿಗವ್ವನಿಗೆ ಬೇರೆ ತಾಟು, ಬೇರೆ ತಂಬಿಗೆ. ಬೆಳಿಗ್ಗೆ ಅವಳು ಬಾಚಣಿಕೆ ಹಿಡಿದು ಕರೆದಾಗ ನಾನು ಹಿಂದೆ ಸರಿದೆ.

"ನೀ ಮುಟ್ಟಬ್ಯಾಡ ಚಿಗವ್ವ. ನನಗೂ ಹತ್ತತೈತಿ."

ಹಾಗೆ ಹೇಳೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಬಾಚಣಿಕೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಎಂಟು ದಿನಕ್ಕೆ ಕಾಕಾ ಅವಳನ್ನು ಮರಳಿಗೆ ಬಿಟ್ಟು ಬಂದ. ಆರಾಮಾದ ಮೇಲೆ ಕರೆತಂದರಾಯಿತು ಎಂದಳು ಆಯಿ.

ಮರುವರ್ಷದ ಚಳಿಗಾಲದಲ್ಲಿ ನನ್ನ ಕಾಲುಗಳೂ ಹಾಗೆಯೇ ಆದವು. ಅವ್ವ ಗಾಬರಿಯಾದಳು. ಚಿಗವ್ವನ ವಿಷಯದಲ್ಲಿ ವರ್ಷವಿಡೀ ಸುಮ್ಮನಿದ್ದ ಮನೆ, ನನ್ನ ವಿಷಯದಲ್ಲಿ ಎರಡು ದಿನವೂ ತಡೆಯಲಿಲ್ಲ. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಅವ್ವ ನನ್ನನ್ನು ಗಂಗಾವತಿಯ ಡಾಕ್ಟರೊಬ್ಬರ ಬಳಿ ಕರೆದೊಯ್ದಳು. ಅವರು ಕಾಲನ್ನು ಬೆಳಕಿಗೆ ಹಿಡಿದು ನೋಡಿದರು.

"ಚರ್ಮ ಒಣಗೇತ್ರಿ, ಅಷ್ಟ. ಕುದಿಯೋ ನೀರು ಹಾಕಬ್ಯಾಡ್ರಿ, ಉಗುರುಬೆಚ್ಚಗಿದ್ರ ಸಾಕು. ಅರಿಬಿ ತೊಳಿಯೋ ಸಾಬೂನು ಬ್ಯಾಡ, ತಿಕ್ಕೋದೂ ಬ್ಯಾಡ. ಜಳಕ ಆದಮ್ಯಾಲೆ ಮೈ ಇನ್ನೂ ಹಸಿ ಇದ್ದಾಗ್ಲೇ ಕೊಬ್ಬರಿ ಎಣ್ಣಿ ಸವರ್ರಿ."

"ಒಬ್ರಿಂದ ಒಬ್ರಿಗೆ ಹತ್ತತೈತೇನ್ರಿ?" ಅವ್ವ ಕೇಳಿದಳು.

"ಒಣಚರ್ಮ ಎಲ್ಲಿ ಹತ್ತತೈತ್ರಿ?"

ಹೊರಗೆ ಬಂದ ಅವ್ವ ನನ್ನನ್ನು ಕರೆದುಕೊಂಡು, ನಮ್ಮೂರ ಬಸ್ಸು ಬಿಟ್ಟು ಮರಳಿಯ ಕಡೆಗೆ ಹೊರಟಳು.

ಚಿಗವ್ವ ನಾಟಿ ಮುಗಿಸಿ ಗದ್ದೆಯಿಂದ ಬರುತ್ತಿದ್ದಳು. ದಿನವಿಡೀ ನೀರಿನಲ್ಲೇ ನೆನೆದು ಬೆರಳುಗಳು ಮೊದಲಿಗಿಂತ ಆಳವಾಗಿ ಒಡೆದಿದ್ದವು. ಅವ್ವ ಡಾಕ್ಟರ ಮಾತನ್ನೆಲ್ಲ ಹೇಳಿದಳು.

"ಹಂಗಾದ್ರ ನನಗ ಏನೂ ಆಗಿದ್ದಿಲ್ಲೇನಕ್ಕಾ?"

"ಏನೂ ಆಗಿದ್ದಿಲ್ಲವ್ವ."

"ಮತ್ತ ನನ್ನ ಯಾಕ ಯಾರೂ ತೋರಿಸಲಿಲ್ಲ?"

ಅವ್ವ ಅತ್ತಳು. ಚಿಗವ್ವ ಅಳಲಿಲ್ಲ. ನಮಗೆ ಅನ್ನ ಬೇಯಿಸಿದಳು, ಬಡಿಸಲು ಮಾತ್ರ ತನ್ನ ತಂಗಿಯನ್ನು ಕರೆದಳು.

ವಾರದಲ್ಲಿ ಕಾಕಾ ಹೋಗಿ ಕರೆತಂದ. ಕೊಬ್ಬರಿ ಎಣ್ಣೆಯ ಬಾಟಲಿ ಬಚ್ಚಲ ಮನೆಗೇ ಬಂತು. ನೀರು ಕಾಯಿಸುವಾಗ ಅವಳು ಮೊಣಕೈ ಅದ್ದಿ ನೋಡಿಕೊಳ್ಳುತ್ತಿದ್ದಳು. ಎರಡು ತಿಂಗಳಲ್ಲಿ ಬಿರುಕುಗಳು ಕೂಡಿಕೊಂಡವು. ಆಮೇಲಿನ ಚಳಿಗಾಲಗಳಲ್ಲಿ ಅಷ್ಟು ಕೆಡಲೇ ಇಲ್ಲ. ತಾಟು, ತಂಬಿಗೆಗಳು ಮಾತ್ರ ಬೇರೆಯಾಗಿಯೇ ಉಳಿದವು. ಈಗ ಅವನ್ನು ಬೇರೆ ಇಡುತ್ತಿದ್ದವಳು ಅವಳೇ. ನನ್ನ ಜಡೆಯನ್ನು ಅವ್ವನೇ ಹಾಕಿದಳು. ನಾನೂ ಬಾ ಎಂದು ಕರೆಯಲಿಲ್ಲ. ನಾಚಿಕೆಯಾಗುತ್ತಿತ್ತು.

ಎಂಬತ್ತರ ದಶಕದಲ್ಲಿ ನನ್ನ ಮೊದಲ ಬಾಣಂತನ ತವರಲ್ಲೇ ಆಯಿತು. ಮನೆಯವರೆಲ್ಲ ಕೂಸನ್ನು ಕೈಯಿಂದ ಕೈಗೆ ಎತ್ತಿ ಆಡಿಸುತ್ತಿದ್ದರೆ ಚಿಗವ್ವ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ನಾನೇ ಎದ್ದು ಹೋಗಿ ಮಗಳನ್ನು ಅವಳ ಮುಂದೆ ಹಿಡಿದೆ. ಅವಳು ಹೆಗಲ ಮೇಲಿನ ಟವೆಲನ್ನು ಎರಡೂ ಕೈ ಮುಚ್ಚುವಂತೆ ಹರವಿ, ಅದರ ಮೇಲೆ ಕೂಸನ್ನು ಇಸಿದುಕೊಂಡಳು.

"ಅದ್ಯಾಕ ಚಿಗವ್ವ, ಹಂಗ ಎತ್ಕೋ."

"ಇರ್ಲಿ ಬಿಡವ್ವ. ನನಗ ಹಿಂಗ ರೂಢಿ ಆಗೈತಿ."

ಅದನ್ನು ಸಿಟ್ಟಿನಿಂದ ಹೇಳಿದಂತಿರಲಿಲ್ಲ. ಆಗಲಾದರೂ ನಾನು ಅವಳ ಕ್ಷಮೆ ಕೇಳಬಹುದಿತ್ತು. ಕೂಸು ಅಳತೊಡಗಿತು, ಹಾಲು ಕುಡಿಸಲು ಒಳಗೆ ಎತ್ತಿಕೊಂಡು ಹೋದೆ.